ಗೋಡೆಯ ಈಚೆ ಕೂತ ಗೂಬೆ

ಚಳಿ ಬಿತ್ತೆಂದರೆ ಹುಲುಗಮ್ಮನಿಗೆ ನಿದ್ದೆ ದೂರ. ಮೊಣಕಾಲು ಬಿಗಿಯುತ್ತವೆ, ಕಂಬಳಿಯೊಳಗೆ ಹೇಗೆ ಹೊರಳಿದರೂ ಮೈ ಒಗ್ಗುವುದಿಲ್ಲ. ಮೊದಲೆಲ್ಲ ಎದ್ದು ಕೂತು ಬೆಳಗಾಗುವುದನ್ನು ಕಾಯುತ್ತಿದ್ದಳು. ಈಗ ಎರಡು ಚಳಿಗಾಲದಿಂದ ಹಿತ್ತಲಿಗೆ ಬರುವ ಪ್ರಾಣಿಗಳ ಫೋಟೋ ತೆಗೆಯುತ್ತಾಳೆ.

ಈ ಚಟ ಹಚ್ಚಿದವಳು ಮೊಮ್ಮಗಳು ಸಂಘಮಿತ್ರಾ. ಅವಳು ಹರಪನಹಳ್ಳಿಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಬೆಳಿಗ್ಗೆ ಕೊಟ್ಟೂರಿನಲ್ಲಿ ಬಸ್ಸು ಹತ್ತಿದರೆ ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ಜೊತೆಯವರೊಬ್ಬರ ಹಳೆಯ ಕ್ಯಾಮೆರಾ ಕೊಂಡು ತಂದು, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸಿ, ಹಿಂದಿನ ಕೋಣೆಯ ಕಿಟಕಿಯಲ್ಲಿ ನಿಲ್ಲಿಸಿದಳು. ಬಚ್ಚಲ ಗೋಡೆಗೆ ಒಂದು ಮಂದ ಬಲ್ಬು ಕಟ್ಟಿದಳು. ಕ್ಯಾಮೆರಾದಿಂದ ಒಂದು ಸಣ್ಣ ವೈರು, ವೈರಿನ ತುದಿಗೆ ಹೆಬ್ಬೆರಳಿಗೆ ಸಿಗುವ ಗುಂಡಿ. ಮೊದಮೊದಲು ತಾನೇ ಕೂತು ತೂಕಡಿಸಿದಳು. ಬಸ್ಸಿನಲ್ಲಿ ನಿದ್ದೆ ಹೋಗಿ, ಹರಪನಹಳ್ಳಿ ದಾಟಿ ಎಲ್ಲೋ ಇಳಿದ ದಿನ, ಆ ಗುಂಡಿಯನ್ನು ಅಜ್ಜಿಯ ಕೈಗೆ ಕೊಟ್ಟಳು.

“ಹೆಂಗೂ ಎದ್ದ ಇರ್ತಿ ಯಜ್ಜಿ. ಪ್ರಾಣಿ ನಿಂತಾಗ ಒತ್ತು. ಓಡಾಕತ್ತಿದ್ರ ಒತ್ತಬ್ಯಾಡ, ಬರೇ ಮಸಕ ಬರ್ತೈತಿ.”

“ನಿಲ್ಲದಿದ್ರ?”

“ನಿಲ್ಲಾತನ ಕಾಯಿ.”

ಕಾಯುವುದು ಹುಲುಗಮ್ಮನಿಗೆ ಹೊಸದಲ್ಲ. ಮದುವೆಯಾದ ಹೊಸದರಲ್ಲಿ ಗಂಡ ಗಂಗಪ್ಪನ ಜೊತೆ ಬೇರೆಯವರ ಹಿಂಗಾರಿ ಜೋಳದ ಹೊಲಗಳನ್ನು ರಾತ್ರಿ ಕಾಯುವ ಕೂಲಿಗೆ ಹೋಗುತ್ತಿದ್ದಳು. ಅಟ್ಟಣಿಗೆಯ ಮೇಲೆ ಕೂತು, ಹಂದಿಯ ಸಪ್ಪಳ ಕೇಳಿದರೆ ಡಬ್ಬಿ ಬಡಿಯಬೇಕು. ಆಗ ಪ್ರಾಣಿಯನ್ನು ಓಡಿಸುವುದು ಕೆಲಸ, ಈಗ ಓಡದ ಹಾಗೆ ಉಸಿರು ಹಿಡಿಯುವುದು ಕೆಲಸ. ಇಷ್ಟೇ ವ್ಯತ್ಯಾಸ. ಗಂಗಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಈಗ ಮನೆ ನಡೆಸುವವನು ಮಗ ಭೀಮರಾಜ, ಅಂಚೆ ಕಚೇರಿಯಲ್ಲಿ ಕೆಲಸ.

ಹಿತ್ತಲು ದೊಡ್ಡದಲ್ಲ. ಎರಡು ನುಗ್ಗೆ, ಒಂದು ಲಿಂಬೆ, ಒಂದು ಕರಿಬೇವು, ನಾಲ್ಕು ಸಾಲು ಬದನೆ. ಮೂಲೆಗೆ ಬಚ್ಚಲು, ಬಚ್ಚಲ ನೀರು ಕುಡಿದು ಎತ್ತರಕ್ಕೆ ಹೋದ ಒಂದು ಸೀಬೆ. ಸೀಬೆಗೆ ಈ ಕಡೆ ಪ್ಯಾರಲ ಎನ್ನುತ್ತಾರೆ. ಮನೆ ಕಟ್ಟಿದ ವರ್ಷ ಗಂಗಪ್ಪ ಹಂಪಸಾಗರದಿಂದ ತಂದು ನೆಟ್ಟ ಸಸಿ ಅದು. ಚಳಿಗಾಲಕ್ಕೆ ನುಗ್ಗೆ ಎಲೆ ಉದುರಿಸಿ ಬೋಳಾಗುತ್ತದೆ, ಪ್ಯಾರಲ ಹಣ್ಣು ಬಿಡುತ್ತದೆ. ಕಣ್ಣಿಗೆ ಅಡ್ಡ ಬರುವ ಎಲೆಯಿಲ್ಲ, ಪ್ರಾಣಿಗೆ ತಿನ್ನಲು ಹಣ್ಣುಂಟು. ನೋಡುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಮೊದಲು ಬರುವವು ಬಾವಲಿಗಳು. ಅವು ಹಣ್ಣು ಕಚ್ಚುವುದಕ್ಕಿಂತ ಕೆಡಹುವುದೇ ಹೆಚ್ಚು. ಕೆಳಗೆ ಬಿದ್ದದ್ದಕ್ಕೆ ಹೆಗ್ಗಣ ಕಾದಿರುತ್ತದೆ. ಹೆಗ್ಗಣಕ್ಕೆ ಹೊಟ್ಟೆ ತುಂಬಿದ ಮೇಲೆ ಪುನುಗಿನ ಬೆಕ್ಕು ಗೋಡೆಯಿಂದ ಇಳಿಯುತ್ತದೆ. ಇಳಿಯುವ ಮೊದಲು ಗೋಡೆಯ ತಲೆಯ ಮೇಲೆ ನಿಂತು ಒಂದು ಗಳಿಗೆ ಯೋಚನೆ ಮಾಡುತ್ತದೆ. ಹುಲುಗಮ್ಮ ಗುಂಡಿ ಒತ್ತುವುದು ಆ ಯೋಚನೆಯ ಹೊತ್ತಿನಲ್ಲಿ. ಬೆಳಿಗ್ಗೆ ಹಲ್ಲುಜ್ಜುತ್ತಾ ಸಂಘಮಿತ್ರಾ ಕ್ಯಾಮೆರಾದ ಹಿಂದಿನ ಗಾಜಿನಲ್ಲಿ ಒಂದೊಂದೇ ನೋಡುತ್ತಾಳೆ. ಒಳ್ಳೆಯದು ಬಂದಿದ್ದರೆ ಬಾಯಿಯ ಪೇಸ್ಟು ನುಂಗಿಬಿಡುತ್ತಾಳೆ.

ಆ ಚಳಿಗಾಲದಲ್ಲಿ ಮನೆಯ ಮಾತೆಲ್ಲ ಪ್ಯಾರಲ ಗಿಡದ ಬುಡದ ಜಾಗದ್ದೇ ಆಗಿತ್ತು.

ಗಿಡದ ಹಿಂದೆ ಆಳೆತ್ತರ ಮೀರಿದ ಗೋಡೆ. ಗೋಡೆ ಹಾಲೇಶಪ್ಪನದು. ಗೋಡೆಯ ಆಚೆ ಅವನ ಮಂಡಕ್ಕಿ ಭಟ್ಟಿ, ನೆಲ್ಲು, ಅಂದರೆ ಭತ್ತ, ತುಂಬುವ ಗೋದಾಮು, ಅದಕ್ಕೆ ಹೊಂದಿ ಮಾಳಿಗೆ ಮನೆ. ಇವರು ಇಲ್ಲಿ ಮನೆ ಕಟ್ಟುತ್ತಾರೆಂದು ಗೊತ್ತಾದ ತಿಂಗಳಲ್ಲೇ ಅವನು ಗೋಡೆ ಎಬ್ಬಿಸಿದ್ದ. ಈಚೆಯವರು ಕಣ್ಣಿಗೆ ಬೀಳದ ಹಾಗೆ ಎರಡು ವರಸೆ ಇಟ್ಟಿಗೆ ಹೆಚ್ಚಿಗೇ ಇಡಿಸಿದ್ದ. ಅಷ್ಟು ವರ್ಷ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಈ ದೀಪಾವಳಿ ಕಳೆದ ಮೇಲೆ, ಗೋದಾಮು ಸಾಲದು, ಹಿಂದಕ್ಕೆ ಹಿಗ್ಗಿಸಬೇಕು ಎಂದು ಅವನಿಗೆ ಅನಿಸಿತು. ಬೀದಿಯಲ್ಲಿ ನಿಂತು ಭೀಮರಾಜನಿಗೆ ಹೇಳಿದ: “ನೋಡ್ರಿ ಭೀಮರಾಜ್ರ, ಗೋಡಿ ಕಟ್ಟುವಾಗ ಗಿಲಾವು ಹಚ್ಚಾಕಂತ ಆ ಕಡಿ ಮೂರಡಿ ಬಿಟ್ಟಿದ್ದೆ. ನನ್ನ ಜಾಗದ ಹದ್ದು ಗೋಡಿ ಅಲ್ಲ. ಮೂರಡಿ ಮುಂದೈತಿ. ನಿಮ್ಮ ತಂದಿಗಿ ಗೊತ್ತಿತ್ತು.”

ಮೂರಡಿ ಹೋದರೆ ಪ್ಯಾರಲ ಗಿಡ ಪೂರ್ತಿ ಹೋಗುತ್ತದೆ, ಬಚ್ಚಲು ಅರ್ಧ ಹೋಗುತ್ತದೆ. ಗಂಗಪ್ಪ ಇಲ್ಲ, ಗೋಡೆ ಕಟ್ಟಿದ ಗೌಂಡಿಯೂ ಇಲ್ಲ. ಗೋಡೆಯ ಬುನಾದಿಯ ದಿನ ಹದ್ದಿನ ಗುಂಟ ಎಳೆದ ದಾರದ ಒಂದು ತುದಿ ಹಿಡಿದು ನಿಂತವಳು ಹುಲುಗಮ್ಮನೇ. ದಾರ ಯಾವ ಗೂಟದಿಂದ ಯಾವ ಗೂಟಕ್ಕೆ ಹೋಗಿತ್ತು, ಗೌಂಡಿ ಯಾವ ಬೀಡಿ ಸೇದುತ್ತಿದ್ದ, ಎಲ್ಲ ಅವಳ ಕಣ್ಣಲ್ಲಿದೆ. ಆದರೆ ಕಣ್ಣಲ್ಲಿದ್ದುದಕ್ಕೆ ಸರ್ವೇ ಸರಪಳಿ ಹಿಡಿಯುವುದಿಲ್ಲ. ಹಾಲೇಶಪ್ಪ ಅಳತೆಗೆ ಅರ್ಜಿ ಕೊಟ್ಟ. ಎಳ್ಳಮಾವಾಸ್ಯೆ ಮುಗಿದ ಮೇಲೆ ಬರುತ್ತೇವೆಂದರು ಸರ್ವೇಯವರು.

“ಬರ್ಲಿ ಬಿಡವ್ವ, ಅಳೀಲಿ. ಕಾನೂನು ಐತಿ,” ಎಂದ ಭೀಮರಾಜ.

“ಅಳಿಯಾಕ ಬಂದಾವ್ರು ಯಾರ ಮನ್ಯಾಗ ಚಾ ಕುಡೀತಾರ, ಅದನ್ನ ನೋಡ್ಕ್ಯಾ,” ಎಂದಳು ಹುಲುಗಮ್ಮ. ಅದರ ಮೇಲೆ ಅವಳು ಆ ಮಾತು ಎತ್ತಲಿಲ್ಲ. ಹಾಲೇಶಪ್ಪ ಮಾತ್ರ ಬಜಾರಿನಲ್ಲಿ, ಸೆಲೂನಿನಲ್ಲಿ, ಸಿಕ್ಕವರಿಗೆಲ್ಲ ಹೇಳುತ್ತ ಹೋದ: ಪ್ಯಾರಲ ಗಿಡ ನಿಂತ ನೆಲ ತನ್ನದು.

ಗೂಬೆ ಬಂದದ್ದು ಈ ನಡುವೆ.

ಬೆಳದಿಂಗಳಿತ್ತು. ಸಪ್ಪಳವೇ ಇಲ್ಲದೆ ಏನೋ ಬೆಳ್ಳಗೆ ತೇಲಿಬಂದು ಪ್ಯಾರಲದ ಕೆಳಗಿನ ಟೊಂಗೆಯ ಮೇಲೆ ಕೂತಿತು. ಅರಳಿ ಎಲೆಯಂಥ ಮುಖ, ಅದರಲ್ಲಿ ಕಪ್ಪು ಕಣ್ಣು. ಮುಖವನ್ನು ತಟ್ಟೆಯ ಹಾಗೆ ನೆಲದ ಕಡೆ ಬಗ್ಗಿಸಿ ಕೇಳಿಸಿಕೊಳ್ಳುತ್ತಿತ್ತು. ಹುಲುಗಮ್ಮ ಒತ್ತಿದಳು. ಅದು ಕೆಳಕ್ಕೆ ಬಿದ್ದಂತೆ ಇಳಿದು, ಗೋಡೆ ದಾಟಿ ಮೇಲೆದ್ದು, ಹಾಲೇಶಪ್ಪನ ಮಾಳಿಗೆಯ ಮೋಟುಗೋಡೆಯ ಮೇಲೆ ಕೂತಿತು. ಕೊಕ್ಕಿನಲ್ಲಿ ಇಲಿ, ಇಲಿಯ ಬಾಲ ಇನ್ನೂ ಆಡುತ್ತಿತ್ತು. ಹುಲುಗಮ್ಮ ಸ್ಟ್ಯಾಂಡನ್ನು ಮೆಲ್ಲಗೆ ತಿರುಗಿಸಿದಳು. ಚಂದ್ರ ಅದರ ಭುಜದ ಹಿಂದೆಯೇ ಇದ್ದ. ಒತ್ತಿದಳು.

ಬೆಳಿಗ್ಗೆ ಸಂಘಮಿತ್ರಾ ಪೇಸ್ಟು ನುಂಗಿದ್ದಷ್ಟೇ ಅಲ್ಲ, ಅಜ್ಜಿಯ ಗಲ್ಲಕ್ಕೂ ಬಳಿದಳು.

“ಯಜ್ಜೀ, ಕಣಜದ ಗೂಬಿ ಇದು! ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಇದು. ಸಾವ್ಕಾರ್ರ ಗೋದಾಮು ಕಾಯೋ ವಾಚ್‌ಮನ್ನು. ಈ ಮಾಳಿಗಿ ಮ್ಯಾಲಿಂದು ಐತಲ್ಲ, ಇದು ಹೊಸಪೇಟಿಗಿ ಹೋಗ್ಲೇಬೇಕು.”

ಹೊಸಪೇಟೆಯಲ್ಲಿ ಫೆಬ್ರವರಿಗೆ ಪ್ರಾಣಿಪಕ್ಷಿಗಳ ಫೋಟೋ ಪ್ರದರ್ಶನವಿತ್ತು. ಅಲ್ಲಿಗೆ ಕಳಿಸುವ ಫೋಟೋ ಬೇರೆಲ್ಲೂ ತೋರಿಸಿರಬಾರದಂತೆ. “ಕೆಳಗ ನಿನ್ನ ಹೆಸರು ಹಾಕಸ್ತೀನಿ. ದೊಡ್ಡಕ್ಷರದಾಗ. ಹುಲುಗಮ್ಮ ಗಂಗಪ್ಪ.”

“ನನ್ನ ಹೆಸರು ಯಾಕ? ಕ್ಯಾಮೆರಾ ನಿಂದು.”

“ನಿದ್ದಿಗೆಟ್ಟಾಕಿ ನೀನು.”

ಹುಲುಗಮ್ಮ ಎಂದೋ ರಾತ್ರಿ ಶಾಲೆಯಲ್ಲಿ ತನ್ನ ಹೆಸರು ಬರೆಯುವಷ್ಟು ಕಲಿತಿದ್ದಳು. ಅದನ್ನು ಅಚ್ಚಿನಲ್ಲಿ ನೋಡಿದ್ದು ರೇಷನ್ ಕಾರ್ಡಿನಲ್ಲಿ ಮಾತ್ರ. ಆ ದಿನ ಅವಳು ಎರಡು ಸಲ ಹೊಸಪೇಟೆಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.

ಮಾಳಿಗೆಯ ಫೋಟೋ ಪ್ರದರ್ಶನಕ್ಕೆಂದು ಮುಚ್ಚಿಟ್ಟು, ಪ್ಯಾರಲ ಗಿಡದ್ದನ್ನು ಸಂಘಮಿತ್ರಾ ಫೋನಿನ ಸ್ಟೇಟಸ್ಸಿಗೆ ಹಾಕಿದಳು. ‘ನಮ್ಮ ಹಿತ್ತಲಿಗೆ ಬಂದ ಅತಿಥಿ’ ಎಂದು ಬರೆದಳು. ಓದಿದ ಹುಡುಗಿಯಾದರೂ, ನೋಡುವವರ ಪಟ್ಟಿಯಲ್ಲಿ ಹಾಲೇಶಪ್ಪನ ಸೊಸೆ ಅಮೃತಾ ಇದ್ದಾಳೆಂಬುದು ಅವಳಿಗೆ ನೆನಪಾಗಲಿಲ್ಲ.

ಗೋಡೆ ಎಷ್ಟೇ ಎತ್ತರವಿರಲಿ, ಮಾತು ದಾಟುತ್ತದೆ. ಮರುದಿನ ಹುಲುಗಮ್ಮ ಬದನೆಯ ಹುಳ ಆರಿಸುತ್ತಿದ್ದಾಗ ಆಚೆ ಭಟ್ಟಿಯ ಅಂಗಳದಲ್ಲಿ ಹಾಲೇಶಪ್ಪನ ದನಿ ಕೇಳಿತು.

“ಗೂಬಿ ಐತಿ ಅಂತ ಊರಿಗೆಲ್ಲ ಫೋಟೋ ಕಳಿಸ್ಯಾರ. ನಾಚಿಕಿ ಇಲ್ಲ ಇವರಿಗೆ.”

ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವ ಗಾದೆಪ್ಪ ಹಳೆಯ ಆಳು, ಅವನ ನಾಲಿಗೆಗೆ ಮಾಲೀಕನೆಂಬ ಭಯವಿಲ್ಲ. “ಎಲ್ಲಿ, ನೋಡೋಣು ತರ್ರಿ. ಎಲಾ ಇವನ! ಇದು ಆ ಪ್ಯಾರಲ ಗಿಡ ಅಲ್ರಿ?”

“ಹೌದೋ.”

“ಆ ಗಿಡ ನಿಂತ ಜಾಗ ನಿಮ್ಮದಂತ ನೀವ ಹೇಳಾಕತ್ತೀರಿ.”

ಬಿಸಿ ಮರಳಿನಲ್ಲಿ ಮಂಡಕ್ಕಿ ಅರಳುವ ಸಪ್ಪಳ ಬಂತು.

“ಹಂಗಾದ್ರ ಗೂಬಿ ನಿಮ್ಮ ಜಾಗಕ್ಕ ಕುಂತಂಗಾತಲ್ರಿ ಸಾವ್ಕಾರ್ರ?”

“ಬಾಯಿ ಮುಚ್ಚಲೇ. ಮರಳು ಸೀಯಾಕತ್ತೈತಿ, ಅದನ್ನ ನೋಡು.”

ಗೂಬೆ ಕೂತ ಮನೆಯನ್ನು ಬಿಡಬೇಕು. ಬೀಗ ಹಾಕಿ, ಮೂರು ತಿಂಗಳು ಬೇರೆಡೆ ಇದ್ದು, ಶಾಂತಿ ಮಾಡಿಸಿ ಒಳಗೆ ಬರಬೇಕು. ಹಳೆಯ ಮಂದಿ ಇದನ್ನು ಈಗಲೂ ನಡೆಸುತ್ತಾರೆ. ಆದರೆ ಮನೆಯ ಮೇಲಲ್ಲ, ಮನೆಯವನ ಖಾಲಿ ಜಾಗದ ಗಿಡದ ಮೇಲೆ ಕೂತರೆ ಏನು? ಹಾಲೇಶಪ್ಪ ಐನೋರನ್ನು ಕೇಳಲು ಹೋದ. ಐನೋರು ಬಹಳ ಹೊತ್ತು ಕಣ್ಣು ಮುಚ್ಚಿದ್ದು ಹೇಳಿದರಂತೆ: “ಜಾಗ ನಿಂದಾದ್ರ ಮನಿ ಬಿಡು. ಜಾಗ ನಿಂದಲ್ಲಂದ್ರ ನಿನಗ್ಯಾಕ ಬೇಕು ಅದರ ಚಿಂತಿ?” ಗಾದೆಪ್ಪನಿಗೆ ತಿಳಿದ ಮೇಲೆ ಈ ಮಾತು ಸಂಜೆಯೊಳಗೆ ಎರಡು ಓಣಿ ಸುತ್ತಿತು.

ಎರಡು ದಿನ ಕಳೆದು, ಗಂಡ ಕೂಡ್ಲಿಗಿಗೆ ಹೋದ ಹೊತ್ತು ನೋಡಿ, ಕೊಟ್ರಬಸಮ್ಮ ಬಂದಳು. ಅವಳು ಹಾಲೇಶಪ್ಪನ ಹೆಂಡತಿ. ಗೋಡೆಗೆ ಬಾಗಿಲಿಲ್ಲ, ಬೀದಿ ಸುತ್ತಿಯೇ ಬರಬೇಕು. ನೆರೆಯಾಗಿ ಇಷ್ಟು ವರ್ಷದಲ್ಲಿ ಅವಳು ಈ ಹೊಸಿಲು ದಾಟಿದ್ದು ಒಂದೇ ಸಲ, ಗಂಗಪ್ಪ ಸತ್ತ ದಿನ. ಆ ದಿನವೂ ಪಡಸಾಲೆಯಿಂದಲೇ ತಿರುಗಿದ್ದಳು. ಇವತ್ತು ನೇರ ಹಿತ್ತಲಿಗೆ ಬಂದು ಪ್ಯಾರಲ ಗಿಡದ ಮುಂದೆ ನಿಂತಳು. ಹುಲುಗಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಎದ್ದು ಕುರ್ಚಿ ತಂದು ಹಾಕಿದಳು.

“ಕುಂದರ್ರಿ ಅಮ್ಮಾರ. ಚಾ ಮಾಡ್ಲೇನ್ರಿ?”

“ಈಗ ಕುಡುದು ಬಂದೆ.”

ಈ ಉತ್ತರ ಹುಲುಗಮ್ಮನಿಗೆ ಬಾಯಿಪಾಠ. ಕೇಳುವುದು ಇವಳ ರೂಢಿ, ಕುಡಿದು ಬಂದಿರುವುದು ಓಣಿಯ ಮೇಲುಜಾತಿಯವರ ರೂಢಿ. ಮತ್ತೆ ಅವರೆಕಾಯಿಗೆ ಕೂತಳು.

“ಫೋಟೋ ನೀನ ತಗಿತೀಯಂತ?”

“ಹೂನ್ರಿ. ನಿದ್ದಿ ಬರಂಗಿಲ್ಲ.”

“ನನಗೂ ಬರಂಗಿಲ್ಲ.” ಕೊಟ್ರಬಸಮ್ಮ ತಾನೂ ಒಂದು ಹಿಡಿ ಅವರೆ ಎತ್ತಿಕೊಂಡು ಸುಲಿಯತೊಡಗಿದಳು. ಕೈ ಸುಮ್ಮನಿರದ ಹೆಂಗಸು. “ನಮ್ಮ ಮಾಳಿಗಿ ಮ್ಯಾಲೆ ಕುಂತದ್ದು ಐತೇನು, ಹುಲುಗಮ್ಮ?”

ಹುಲುಗಮ್ಮ ಒಂದು ಹುಳುಕು ಕಾಯಿಯನ್ನು ಬಿಡಿಸಿ ನೋಡಿ ಪಕ್ಕಕ್ಕೆ ಒಗೆದಳು.

“ಐತಿ ಅನ್ನು. ನನಗ ಗೊತ್ತೈತಿ. ಮನ್ಯಾಗಿನಾವ್ರು ಏಳೂಕಿಂತ ಮೊದ್ಲ ಮಾಳಿಗಿ ಕಸ ಹೊಡಿಯಾಕಿ ನಾನು. ಇಲಿಕೂದ್ಲ ಉಂಡಿ, ಎಲುಬು, ಬಿಳೇ ಹಿಕ್ಕಿ. ಮೂರು ಚಳಿಗಾಲಾತು ಬಳಿಯಾಕತ್ತು. ಸೊಸಿ ಒಮ್ಮೆ ಕೇಳಿದ್ಲು. ಪಾರಿವಾಳ ಅಂದೆ.”

“ಪಾರಿವಾಳ ಇಲಿ ತಿಂತಾವನ್ರಿ?”

ಕೊಟ್ರಬಸಮ್ಮನಿಗೆ ನಗು ಬಂತು. ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ನಗು ನಿಂತಿತು.

“ನಾನು ಮದಿವ್ಯಾಗಿ ಬಂದ ಎರಡನೇ ವರ್ಷ ಹಿಂಗ ಒಂದು ಗೂಬಿ ಕುಂತಿತ್ತು. ಆಗ ಹಳೇ ಮನಿ. ನಮ್ಮತ್ತಿ ಅವತ್ತ ಬೀಗ ಹಾಕಿಸಿದ್ಲು. ಉಚ್ಚಂಗಿದುರ್ಗದ ನೆಂಟರ ಮನಿಗಿ ಹೋದ್ವಿ. ಅವರ ಮನಿ ಸಣ್ಣದು, ದನದ ಕೊಟ್ಟಿಗಿ ಬಾಜುಕ ಒಂದು ಖೋಲಿ ಕೊಟ್ರು. ಗುಡ್ಡದ ಚಳಿ. ನಾನು ತುಂಬಿದ ಬಸುರಿ. ಅಲ್ಲೇ ಹೆರಿಗಿ ಆತು. ಕೂಸು ಒಂಬತ್ತು ದಿನ ಇತ್ತು.” ಸುಲಿದ ಕಾಳನ್ನು ಬುಟ್ಟಿಗೆ ಹಾಕಿದಳು. “ಮನಿ ಬಿಟ್ಟದ್ದಕ್ಕ ದೊಡ್ಡದು ತಪ್ಪಿ ಸಣ್ಣದ್ರಾಗ ಹೋತು ಅಂದ್ಲು ನಮ್ಮತ್ತಿ. ಈಗ ಅಮೃತಾಗ ಆರು ತಿಂಗಳು.”

ಹುಲುಗಮ್ಮ ತಲೆ ಎತ್ತಿದಳು. ಗೋಡೆಯ ಆಚೆಯ ಆ ಸುದ್ದಿ ಅವಳಿಗೆ ಗೊತ್ತಿರಲಿಲ್ಲ.

“ಪ್ಯಾರಲ ಗಿಡದ್ದು ತೋರ್ಸು. ಅವ್ರು ಕೇಳಾಕ ಬರ್ತಾರ, ಅದೊಂದ ತೋರ್ಸು. ಆ ಜಾಗ ನಂದಲ್ಲ ಅಂತ ಅವ್ರ ಬಾಯಲ್ಲೇ ಬರ್ತೈತಿ, ಮನಿ ಬಿಡೂದು ತಪ್ತೈತಿ. ಮಾಳಿಗಿ ಮ್ಯಾಲಿಂದು ಕಣ್ಣಿಗಿ ಬಿತ್ತಂದ್ರ ಮರುದಿನ ನಮ್ಮ ಗಂಟುಮೂಟಿ ಉಚ್ಚಂಗಿದುರ್ಗಕ್ಕ.”

“ಮೂರಡಿ ಜಾಗ ಬಿಟ್ಟಂಗ ಆಗ್ತೈತಲ್ರಿ ನಿಮಗ.”

“ಅದು ನಮ್ಮದಲ್ಲ. ನೀ ದಾರ ಹಿಡಿದು ನಿಂತದ್ದು ನಾನೂ ನೋಡೀನಿ, ಕಿಟಕ್ಯಾಗಿಂದ.”

ಇಷ್ಟು ವರ್ಷ ತಾನೊಬ್ಬಳೇ ಸಾಕ್ಷಿ ಎಂದುಕೊಂಡಿದ್ದಳು ಹುಲುಗಮ್ಮ. ಸಾಕ್ಷಿ ಇನ್ನೊಬ್ಬಳಿದ್ದಳು, ಮೂವತ್ತು ವರ್ಷ ಸುಮ್ಮನಿದ್ದಳು. ಇರಲಿ. ಬುಟ್ಟಿ ಅಲುಗಿಸಿ ಕಾಳು ಮಟ್ಟ ಮಾಡಿದಳು.

“ಮೊಮ್ಮಗಳು ಬರ್ಲಿ,” ಎಂದಳು.

ಸಂಜೆ ಸಂಘಮಿತ್ರಾ ಬಂದು ಕೈಕಾಲು ತೊಳೆದ ಮೇಲೆ ಹುಲುಗಮ್ಮ ಮಾಳಿಗೆಯ ಫೋಟೋ ಅಳಿಸಬೇಕೆಂದಳು. ನಡೆದದ್ದನ್ನೂ ಹೇಳಿದಳು.

“ಹುಚ್ಚೇನ ಯಜ್ಜಿ ನಿನಗ? ಎರಡು ವರ್ಷದಾಗ ಅಂಥಾದ್ದು ಒಂದು ಬಂದಿಲ್ಲ. ಬ್ಯಾರೆ ಕಡಿ ಮುಚ್ಚಿಟ್ರಾತು.”

“ಹೊಸಪೇಟ್ಯಾಗ ಗೋಡಿಗಿ ಹಾಕಿದ್ರ ಕೊಟ್ಟೂರು ಮಂದಿ ನೋಡಂಗಿಲ್ಲೇನು? ಮಾಳಿಗಿ ಅವರದಂತ ಗಾದೆಪ್ಪ ಕಣ್ಣು ಮುಚ್ಚಿ ಹೇಳ್ತಾನ.”

“ಹೊಸಪೇಟಿಗಿ ಕಳ್ಸೂದು ಬ್ಯಾಡ. ನಾವು ನೋಡಾಕ ಇರ್ಲಿ.”

“ನೀ ಸ್ಟೇಟಸ್ಸಿಗಿ ಹಾಕಿದ್ದೂ ನಾವು ನೋಡಾಕ ಅಲ್ಲೇನು?”

ಭೀಮರಾಜ ಪಡಸಾಲೆಯಲ್ಲಿ ಬುದ್ಧನ ಪಟದ ಕೆಳಗೆ ಕೂತು ಪೇಪರು ಓದುತ್ತಿದ್ದವನು ಅದನ್ನು ಮಡಚಿದ. “ನನಗ ಇದು ಸರಿ ಕಾಣಂಗಿಲ್ಲವ್ವ. ಗೂಬಿ ಗೀಬಿ ನಂಬಬ್ಯಾಡ್ರಿ ಅಂತ ಊರಿಗೆಲ್ಲ ಹೇಳೂ ಮಂದಿ ನಾವು. ಈಗ ಅವರ ಹೆದರಿಕಿ ಮ್ಯಾಲೆ ನಮ್ಮ ಜಾಗ ಉಳಿಸ್ಕ್ಯಾಬೇಕೇನು? ಅಳತಿ ಆಗ್ಲಿ.”

“ನಾ ಗೂಬಿ ಕರ್ಸಿಲ್ಲಪ್ಪ. ತಾನ ಬಂದು ಕುಂತೈತಿ.”

“ಒಂದು ತೋರ್ಸಿ ಒಂದು ಮುಚ್ಚೂದು ಸುಳ್ಳಲ್ಲೇನು?”

“ಆ ಹುಡುಗಿ ಕೊಟ್ಟಿಗಿ ಬಾಜುಕ ಹೆರ್ಲಿ ಅಂತೀಯೇನು?”

ಭೀಮರಾಜ ಪೇಪರನ್ನು ಮತ್ತೆ ಬಿಡಿಸಿದ, ಆದರೆ ಓದಲಿಲ್ಲ. “ಅವರಿಗೆ ತಿಳಿಹೇಳಬೇಕು,” ಎಂದ.

“ಹೇಳು. ಹೆರಿಗಿ ಆದಮ್ಯಾಲೆ ಹೇಳು.”

ಸಂಘಮಿತ್ರಾ ಕ್ಯಾಮೆರಾ ತಂದು ಅಜ್ಜಿಯ ತೊಡೆಯ ಮೇಲಿಟ್ಟಳು. “ತಗದಾಕಿ ನೀನು. ಅಳಿಸಾಕಿನೂ ನೀನ ಆಗು,” ಎಂದು ಮುಖ ತಿರುಗಿಸಿ ನಿಂತಳು. ಗಾಜಿನಲ್ಲಿ ಗೂಬೆ ಬೆಳಗಿತು. ಚಂದ್ರನ ಅಂಚು, ಬಾಲ ಇಳಿಬಿಟ್ಟ ಇಲಿ, ನೇರ ಹುಲುಗಮ್ಮನನ್ನೇ ನೋಡುವ ಎರಡು ಕಪ್ಪು ಕಣ್ಣು. ಕೆಳಗೆ ಎರಡು ಇಂಗ್ಲಿಷ್ ಪದ.

“ಯಾವುದು ಒತ್ತಲಿ?”

“ಎಡಗಡೀದು.”

ಒತ್ತಿದಳು. ಗೂಬೆ ಹೋಯಿತು, ಅದರ ಜಾಗಕ್ಕೆ ಹಿಂದಿನ ಫೋಟೋ ಬಂತು, ಪ್ಯಾರಲ ಗಿಡದ್ದು. ಸಂಘಮಿತ್ರಾ ಆ ರಾತ್ರಿ ಊಟ ಮಾಡಿದಳು, ಮಾತಾಡಲಿಲ್ಲ.

ಸರ್ವೇಯವರು ಬಂದದ್ದು ಎಳ್ಳಮಾವಾಸ್ಯೆಯ ಮರುವಾರ. ಒಬ್ಬ ಸರ್ವೇಯರ್, ಸರಪಳಿ ಹಿಡಿಯುವವನೊಬ್ಬ. ಅವರ ಹಿಂದೆ ಹಾಲೇಶಪ್ಪ, ಅವನ ಹಿಂದೆ, ಕರೆಯದಿದ್ದರೂ, ಗಾದೆಪ್ಪ. ಭೀಮರಾಜ ರಜೆ ಹಾಕಿದ್ದ, ಸಂಘಮಿತ್ರಾಗೆ ಕಾಲೇಜು ಬಿಡುವಿತ್ತು. ಎಲ್ಲರೂ ಹಿತ್ತಲಿಗೆ ಬಂದರು. ಸರ್ವೇಯರ್ ನಕಾಶೆ ಬಿಡಿಸುವಷ್ಟರಲ್ಲಿ ಹಾಲೇಶಪ್ಪ ಕೈ ಅಡ್ಡ ಮಾಡಿದ.

“ಒಂದು ನಿಮಿಷ ಸರ್. ಹುಲುಗಮ್ಮ, ಆ ಗೂಬಿ ಫೋಟೋ ಎಷ್ಟು ತಗದಿ? ಎಲ್ಲ ತೋರ್ಸು.”

ಮಗನಿಗೆ ‘ರಿ’ ಹಚ್ಚುವ ಹಾಲೇಶಪ್ಪ ತಾಯಿಗೆ ಅದನ್ನು ಎಂದೂ ಹಚ್ಚಿದವನಲ್ಲ. ಹುಲುಗಮ್ಮ ಮೊಮ್ಮಗಳ ಕಡೆ ನೋಡಿದಳು. ಸಂಘಮಿತ್ರಾ ಕ್ಯಾಮೆರಾ ಹಿಡಿದು ಅವನ ಪಕ್ಕ ನಿಂತು ಒಂದೊಂದಾಗಿ ಸರಿಸಿದಳು. ಬಾವಲಿ. ಹೆಗ್ಗಣ. ಪುನುಗಿನ ಬೆಕ್ಕು. ಮತ್ತೊಂದು ಹೆಗ್ಗಣ, ಮೀಸೆಗೆ ಅಂಟಿದ ನೆಲ್ಲಿನ ಕಾಳು.

“ಇದು ನಿಮ್ಮ ಗೋದಾಮಿಂದ ಬಂದದ್ದು ಅಂಕಲ್.”

“ಮುಂದ, ಮುಂದ.”

ಪ್ಯಾರಲ ಟೊಂಗೆಯ ಮೇಲೆ ಗೂಬೆ. ಹಾಲೇಶಪ್ಪ ಕ್ಯಾಮೆರಾದಿಂದ ಒಂದು ಹೆಜ್ಜೆ ಹಿಂದೆ ಸರಿದ, ಅದು ಹಾರಿಬಂದೀತೆಂಬ ಹಾಗೆ.

“ಬ್ಯಾರೆ ಕಡಿ ಕುಂತದ್ದು ಇಲ್ಲಾ?”

“ಇದರಾಗ ಇರೋದು ಇಷ್ಟ,” ಎಂದಳು ಸಂಘಮಿತ್ರಾ. ಅದು ನಿಜವೇ ಆಗಿತ್ತು. ಆದರೂ ಅವಳ ಕಿವಿ ಕೆಂಪಗಾದದ್ದನ್ನು ಹುಲುಗಮ್ಮ ಕಂಡಳು.

ಹಾಲೇಶಪ್ಪ ಉಸಿರು ಬಿಟ್ಟ. ಗಿಡ ನೋಡಿದ, ಗೋಡೆ ನೋಡಿದ, ಅತ್ತ ತನ್ನ ಮಾಳಿಗೆ ನೋಡಿದ. ಮಾಳಿಗೆಯ ಮೇಲೆ ಕೊಟ್ರಬಸಮ್ಮ ಸಂಡಿಗೆ ಒಣಗಲು ಹಾಕುತ್ತಿದ್ದಳು, ಈಚೆ ನೋಡಲಿಲ್ಲ.

“ಸರ್, ಅಳಿಯೂದು ಬ್ಯಾಡ. ಗೋಡೀನ ಹದ್ದು.”

“ಅರ್ಜಿ ಕೊಟ್ಟಾವ್ರು ನೀವ ಅಲ್ರಿ? ಮೂರಡಿ ಈಚಿಗೈತಿ ಅಂದಿದ್ರಿ.”

“ನೆನಪು ತಪ್ಪಿತ್ರಿ.”

“ಗೂಬಿ ನೆನಪ ಮಾಡ್ಕೊಡ್ತು,” ಎಂದ ಗಾದೆಪ್ಪ. ಸರಪಳಿ ಹಿಡಿದವನು ಬೇರೆ ಕಡೆ ತಿರುಗಿ ನಕ್ಕ.

ಭೀಮರಾಜ ಮುಂದೆ ಬಂದು, ಬಂದಮೇಲೆ ಅಳೆದೇ ಹೋಗಿ, ಬಾಯಿಮಾತು ಬೇಡ ಎಂದ. ಅಳೆದರು. ಹದ್ದು ಗೋಡೆಯ ಬುಡಕ್ಕೇ ಬಂತು. ಸರ್ವೇಯರ್ ಗೋಡೆಗೆ ಕೆಂಪು ಬಣ್ಣದ ಗುರುತು ಹಾಕಿಸಿದ. ಹಾಗಾದರೆ ಫೋಟೋ ಇಲ್ಲದಿದ್ದರೂ ಇದೇ ಆಗುತ್ತಿತ್ತೇನೋ. ಅಥವಾ ಹಾಲೇಶಪ್ಪ ಬೇಕೆಂದಿದ್ದರೆ ಸರಪಳಿ ಬೇರೆ ಕಡೆಯಿಂದ ಶುರುವಾಗುತ್ತಿತ್ತೇನೋ. ಹುಲುಗಮ್ಮ ಅದನ್ನು ಯೋಚಿಸಲು ಹೋಗಲಿಲ್ಲ. ಗಿಡ ನಿಂತಲ್ಲೇ ನಿಂತಿತ್ತು, ಬಚ್ಚಲು ಪೂರ್ತಿ ಇತ್ತು.

ಎಲ್ಲ ಮುಗಿಯಿತೆನ್ನುವಾಗ ಹಾಲೇಶಪ್ಪ ತಿರುಗಿ ನಿಂತ. ಈಗ ದನಿಗೆ ಮೊದಲಿನ ಜೋರು ಬಂದಿತ್ತು.

“ಜಾಗ ನಿಮ್ದು, ಆತು. ಆದ್ರ ಆ ಗಿಡ ಕಡಸಿಬಿಡ್ರಿ ಭೀಮರಾಜ್ರ. ಅದು ಇದ್ರ ಗೂಬಿ ಬರ್ತೈತಿ. ಇಲ್ಲಿ ಬಂದದ್ದು ನಾಳೆ ನಮ್ಮ ಮನಿಗಿ ಬರ್ತೈತಿ. ನಮ್ಮನ್ಯಾಗ ಬಸುರಿ ಅದಾಳ.”

ಭೀಮರಾಜ ಬಾಯಿ ತೆರೆದ. ಅವನ ಬಳಿ ಕಾನೂನು ಇತ್ತು, ವಿಜ್ಞಾನ ಇತ್ತು, ಬಹಳ ಮಾತಿತ್ತು. ಹುಲುಗಮ್ಮ ಅವನಿಗಿಂತ ಮೊದಲು ಮಾತಾಡಿದಳು. ಬೀದಿಯ ಕಡೆಯ ಸಂದಿಯಲ್ಲಿ ಆಗಲೇ ನಾಲ್ಕಾರು ಹೆಂಗಸರು ಇಣುಕುತ್ತಿದ್ದರು. ಅವರಿಗೂ ಕೇಳುವ ಹಾಗೆ ಮಾತಾಡಿದಳು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ಮನೆಯವರು ಕೇಳಿರಲಿಲ್ಲ.

“ಗಿಡ ಕಡಿಯಂಗಿಲ್ರಿ. ಗಿಡ ಇದ್ರ ಗೂಬಿ ಇಲ್ಲೇ ಕುಂದರ್ತೈತಿ. ಗಿಡ ಇಲ್ಲಂದ್ರ ಎಲ್ಲಿಗಿ ಹೋಗಿ ಕುಂದರ್ತೈತೋ ನೀವ ನೋಡ್ಕ್ಯಾರಿ.”

ಹಾಲೇಶಪ್ಪನ ಕಣ್ಣು ತನ್ನಷ್ಟಕ್ಕೆ ತಾನೇ ಮಾಳಿಗೆಯ ಕಡೆ ಹೋಯಿತು.

“ಅಂದ್ರ, ಗೂಬಿ ನಿಮ್ದಾ?” ಎಂದ.

“ಹೂನ್ರಿ. ಗಿಡಾನೂ ನಮ್ದ, ಗೂಬಿನೂ ನಮ್ದ. ಊರಾಗ ಯಾರ ಕೇಳಿದ್ರೂ ಹಂಗ ಹೇಳ್ರಿ.”

ಸಂದಿಯ ಹೆಂಗಸರಲ್ಲಿ ಒಬ್ಬಳು ಗಲ್ಲ ಗಲ್ಲ ಬಡಿದುಕೊಂಡಳು. ಹಾಲೇಶಪ್ಪ ಹೊರಟುಹೋದ. ಸರ್ವೇಯರ್ ಸರಪಳಿ ಸುತ್ತಿಸಿಕೊಂಡ. ಭೀಮರಾಜ ಚಹಾ ಕುಡಿದು ಹೋಗಿ ಎಂದ, ಅವರು ಕೂತು ಕುಡಿದೇ ಹೋದರು.

ಎಲ್ಲರೂ ಹೋದ ಮೇಲೆ ಸಂಘಮಿತ್ರಾ ಅಜ್ಜಿಯ ಪಕ್ಕ ಬಂದು ಕೂತಳು. ಅಷ್ಟು ದಿನದ ಮುನಿಸು ಇನ್ನೂ ಪೂರ್ತಿ ಹೋಗಿರಲಿಲ್ಲ.

“ಎಂಥಾ ಮಾತು ಆಡಿದಿ ಯಜ್ಜಿ. ನಾಳಿಂದ ಇದು ಗೂಬಿ ಮನಿ ಆತು. ಓಣ್ಯಾಗ ಒಬ್ರೂ ನಮ್ಮನಿಗಿ ಬರಂಗಿಲ್ಲ.”

ಹುಲುಗಮ್ಮ ಕುಡಿದಿಟ್ಟ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದಳು.

“ಮೊದ್ಲು ಯಾರು ಬರ್ತಿದ್ರು?” ಎಂದಳು.